ಪೂರ್ವಜನ ಹೆಸರು ಮತ್ತು ದೇವಾಲಯದ ಹಳೆಯ ಪುಸ್ತಕ

ತನ್ನ ವಂಶದ ಮೂಲವನ್ನು ಅರಿಯಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಮದುವೆಗೋ ಉತ್ತರಕ್ರಿಯೆಗೋ ಬಂಧುಬಳಗ ಒಂದೆಡೆ ಸೇರಿದಾಗ ಹಿರಿಯರು ಅಜ್ಜ, ಮುತ್ತಜ್ಜಂದಿರ ಕತೆಗಳನ್ನು ತೆಗೆಯುತ್ತಾರೆ, ಕಿರಿಯರು ಕಿವಿಗೊಡುತ್ತಾರೆ. ಅಂಥ ಕತೆಗಳಲ್ಲಿ ಮುತ್ತಜ್ಜನು ಬಹುಮಟ್ಟಿಗೆ ಶೂರನೂ ಉದಾರಿಯೂ ದೈವಭಕ್ತನೂ ಆಗಿರುತ್ತಾನೆ. ಆತ ಸಾಲ ಮಾಡಿದ್ದು, ನೆರೆಯವನೊಡನೆ ಗಡಿಕಲ್ಲಿಗಾಗಿ ಹೋರಾಡಿದ್ದು, ಮತ್ತೊಬ್ಬರ ನೆಲದ ಮೇಲೆ ಮನೆ ಕಟ್ಟಿದ್ದು ಕತೆಯಲ್ಲಿ ಬರುವುದಿಲ್ಲ. ಕತೆಯನ್ನು ಕಟ್ಟುವುದು ನಮ್ಮ ಪ್ರೀತಿ. ಸತ್ಯವನ್ನು ತಿಳಿಯಬೇಕಾದರೆ ದಾಖಲೆಯ ಮುಂದೆ ಕೂರಬೇಕು.

ಈ ವಿಚಾರವನ್ನು ನಮ್ಮ ಊರಿನಿಂದ ಬಹುದೂರದ ಒಂದು ನಾಡಿನ ಉದಾಹರಣೆಯಿಂದ ನೋಡಬಯಸುತ್ತೇನೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯವು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವಸಾಹತಾಗಿತ್ತು. ಸೇಂಟ್ ಲಾರೆನ್ಸ್ ನದಿಯ ಎರಡು ದಡಗಳಲ್ಲಿ ಕಾಡು ಕಡಿದು ನೆಲೆಸಿದ ಫ್ರೆಂಚ್ ಕಥೋಲಿಕರ ಸಂತತಿಯವರು ಇಂದು ಹತ್ತು ಹನ್ನೆರಡು ತಲೆಮಾರುಗಳ ಹಿಂದಿನ ಪೂರ್ವಜನನ್ನು ಹೆಸರು, ಹುಟ್ಟೂರು, ತಂದೆತಾಯಿಗಳ ಸಹಿತ ಗುರುತಿಸಬಲ್ಲರು. ಅರಮನೆಯವರ ವಂಶಾವಳಿ ಎಲ್ಲೆಡೆಯೂ ಸಿಗುತ್ತದೆ. ಬಡಗಿಯ, ಬೇಸಾಯಗಾರನ, ಕೂಲಿಯವನ ವಂಶಾವಳಿ ಇಷ್ಟು ಅಖಂಡವಾಗಿ ಸಿಗುವ ನಾಡು ಜಗತ್ತಿನಲ್ಲಿ ವಿರಳ. ಅದಕ್ಕೆ ಕಾರಣ ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳು.

ಈ ಪುಸ್ತಕಗಳು ಹುಟ್ಟಿಕೊಂಡದ್ದು ವಂಶಾವಳಿ ಹುಡುಕುವವರಿಗಾಗಿ ಅಲ್ಲ. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳಿಗೂ ಕುಟುಂಬಗಳಿಗೂ ಆಗುತ್ತಿದ್ದ ಅನ್ಯಾಯವನ್ನು ತಡೆಯಲೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹಗಳ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಜ್ಞಾನಸ್ನಾನದಲ್ಲಿ ಜ್ಞಾನಪಿತೃಗಳ ಹೆಸರನ್ನು ಬರೆಯಬೇಕೆಂದೂ ಆಜ್ಞಾಪಿಸಿತು. 1614ರ ರೋಮನ್ ಸಂಸ್ಕಾರವಿಧಿ ಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಕುಟುಂಬವಾರು ಭಕ್ತರ ಪಟ್ಟಿ ಎಂಬ ಐದು ಪುಸ್ತಕಗಳನ್ನು ಗೊತ್ತುಪಡಿಸಿತು. ಫ್ರಾನ್ಸಿನ ಅರಸರು 1539ರಿಂದಲೇ ಇಂಥ ದಾಖಲೆಗಳನ್ನು ಕೇಳುತ್ತಿದ್ದರು. 1667ರ ರಾಜಾಜ್ಞೆಯಂತೆ ಪ್ರತಿಯೊಂದು ಪುಸ್ತಕಕ್ಕೂ ಎರಡು ಪ್ರತಿ ಇರಬೇಕಾಯಿತು: ಒಂದು ದೇವಾಲಯದಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಒಂದು ಕಡೆ ಬೆಂಕಿಗೋ ಗೆದ್ದಲಿಗೋ ಆಹುತಿಯಾದರೆ ಮತ್ತೊಂದು ಕಡೆ ಉಳಿಯಲಿ ಎಂಬುದು ಇದರಿಂದಾದ ದೊಡ್ಡ ಲಾಭ.

ಬೆಂಕಿಯ ಮಾತು ಬರಿಯ ಊಹೆಯಲ್ಲ. 1640ರ ಜೂನ್ 14ರಂದು ಕ್ವಿಬೆಕ್ ಪಟ್ಟಣದ ದೇವಾಲಯ ಸುಟ್ಟುಹೋಯಿತು. ಅದರೊಡನೆ 1621ರಿಂದ ಬರೆದಿಟ್ಟಿದ್ದ ಪುಸ್ತಕವೂ ಬೂದಿಯಾಯಿತು. ಆಗ ಅಲ್ಲಿನ ಗುರುಗಳು ಜನರ ನೆನಪನ್ನು ಕೇಳಿ ಕೇಳಿ, ಕಳೆದುಹೋದ ನಮೂದುಗಳನ್ನು ಮತ್ತೆ ಬರೆದರು. ಇಂತಹ ದಿನ ಇಂಥವರ ಮಗು ಜ್ಞಾನಸ್ನಾನ ಪಡೆಯಿತು, ಇಂಥವರು ತೀರಿಕೊಂಡರು ಎಂದು ಒಂದು ಊರೇ ನೆನಪಿಸಿಕೊಂಡು ಹೇಳಿದ ಪುಸ್ತಕವದು. ಇಂದಿಗೂ ಅದೇ ಆ ಕಾಲದ ಆಧಾರ.

ಇಂಥ ದಾಖಲೆಗಳ ಮೂಲಕ ಒಬ್ಬನ ಬಾಳನ್ನು ಅನುಸರಿಸಿ ನೋಡೋಣ. ಆತನ ಹೆಸರು ಗಿಯೋಮ್ ಕುತ್ಯೂರ್. ಫ್ರಾನ್ಸಿನ ರುಆನ್ ನಗರದ ಬಡಗಿಯ ಮಗ, ತಾನೂ ಬಡಗಿ. ಯೌವನದಲ್ಲೇ ಸಮುದ್ರ ದಾಟಿ ಬಂದು ಯೇಸುಸಭೆಯ ಗುರುಗಳ ಸೇವೆಗೆ ತನ್ನನ್ನು ಒಪ್ಪಿಸಿಕೊಂಡ. ಗುರುದೀಕ್ಷೆಯಾಗಲಿ ಸಂಬಳವಾಗಲಿ ಇಲ್ಲದೆ, ಬ್ರಹ್ಮಚರ್ಯದಲ್ಲಿದ್ದು ಮಿಷನ್ನಿನ ಕೆಲಸ ಮಾಡುತ್ತಿದ್ದ ಇಂಥ ಗೃಹಸ್ಥರಿಗೆ ಫ್ರೆಂಚಿನಲ್ಲಿ ‘ಅರ್ಪಿತರು’ ಎಂಬ ಅರ್ಥದ ಹೆಸರಿತ್ತು. 1641ರಲ್ಲಿ ಆತ ನಾರ್ಮಂಡಿಯಲ್ಲಿದ್ದ ತನ್ನ ಪಿತ್ರಾರ್ಜಿತ ಆಸ್ತಿಯನ್ನು ತಾಯಿಗೂ ತಂಗಿಗೂ ಬಿಟ್ಟುಕೊಟ್ಟ. ಆತನ ಅಂತರಂಗದ ಬಗ್ಗೆ ನಮಗೆ ದೊರೆಯುವ ಮೊದಲ ಸಾಕ್ಷ್ಯ ಒಂದು ಆಸ್ತಿಪತ್ರ! ತ್ಯಾಗವನ್ನೂ ಕಾನೂನಿನ ಭಾಷೆಯಲ್ಲಿ ಬರೆಯಬಹುದೆಂಬುದಕ್ಕೆ ಇದು ನಿದರ್ಶನ.

ಮರುವರ್ಷ, 1642ರ ಆಗಸ್ಟ್ ತಿಂಗಳಲ್ಲಿ, ಆತ ಸಂತ ಐಸಾಕ್ ಜೋಗ್ ಮತ್ತು ಸಂತ ರೆನೆ ಗುಪಿಲ್ ಅವರೊಡನೆ ಹ್ಯೂರನ್ ಜನರ ನಾಡಿಗೆ ದೋಣಿಗಳಲ್ಲಿ ಹೊರಟಿದ್ದ. ಸೇಂಟ್ ಲಾರೆನ್ಸ್ ನದಿಯ ಮೇಲೆ ಮೊಹಾಕ್ ಯೋಧರು ಮುತ್ತಿದರು. ಮುಂದಿನದನ್ನು ಜೋಗ್ ಅವರೇ ಬರೆದಿಟ್ಟಿದ್ದಾರೆ. ಕುತ್ಯೂರ್ ಕಾಡಿನೊಳಗೆ ಓಡಿ ತಪ್ಪಿಸಿಕೊಂಡಿದ್ದ. ಆದರೆ ಗುರುಗಳನ್ನೂ ಜೊತೆಗಾರರನ್ನೂ ಶತ್ರುಗಳ ಕೈಯಲ್ಲಿ ಬಿಟ್ಟು ಬಂದೆನಲ್ಲಾ ಎಂದು ಮನಸ್ಸು ಒಪ್ಪದೆ ತಾನಾಗಿಯೇ ಹಿಂದಿರುಗಿದ. ದಾರಿಯಲ್ಲಿ ಐವರು ಮೊಹಾಕರು ಎದುರಾದರು. ಒಬ್ಬನು ಗುರಿಯಿಟ್ಟ, ಬಂದೂಕು ಹಾರಲಿಲ್ಲ. ಕುತ್ಯೂರನ ಗುಂಡು ಹಾರಿತು, ಎದುರಾಳಿ ಸತ್ತ. ಉಳಿದವರು ಇವನನ್ನು ಹಿಡಿದು ಬೆತ್ತಲೆ ಮಾಡಿ, ಉಗುರುಗಳನ್ನು ಹಲ್ಲಿನಿಂದ ಕಿತ್ತು, ಬೆರಳುಗಳನ್ನು ಕಡಿದು, ಕೈಗೆ ಕತ್ತಿ ಚುಚ್ಚಿದರು.

ಆ ವರ್ಷದ ಸೆಪ್ಟೆಂಬರ್ 29ರಂದು, ಮಗುವೊಂದರ ಮೇಲೆ ಶಿಲುಬೆಯ ಗುರುತು ಹಾಕಿದ್ದಕ್ಕಾಗಿ ಗುಪಿಲ್ ಅವರನ್ನು ಕೊಂದರು. 1643ರಲ್ಲಿ ಡಚ್ಚರ ನೆರವಿನಿಂದ ಪಾರಾದ ಜೋಗ್, 1646ರಲ್ಲಿ ಮೊಹಾಕರ ನಾಡಿಗೆ ಮರಳಿ ಬಂದು ಅಕ್ಟೋಬರ್ 18ರಂದು ರಕ್ತಸಾಕ್ಷಿಯಾದರು. 1930ರಲ್ಲಿ ಧರ್ಮಸಭೆ ಇಬ್ಬರನ್ನೂ ಸಂತರೆಂದು ಸಾರಿತು. ಮೂರನೆಯವನಾದ ಕುತ್ಯೂರ್ ಬದುಕುಳಿದ. ಬದುಕುಳಿದವರಿಗೆ ಪೀಠದ ಮೇಲೆ ಸ್ಥಾನವಿಲ್ಲ. ಅವರ ಹೆಸರು ಹುಡುಕಬೇಕಾದರೆ ದೇವಾಲಯದ ಪುಸ್ತಕವನ್ನೂ ನೋಟರಿಯ ಕಾಗದಗಳನ್ನೂ ನೋಡಬೇಕು.

ಕುತ್ಯೂರನನ್ನು ಮೊಹಾಕರು ಒಂದು ಕುಟುಂಬಕ್ಕೆ ದತ್ತು ಕೊಟ್ಟರು. ಇದು ಅವರ ರೂಢಿ. 1634ರ ಸಿಡುಬು ಅವರ ಜನಸಂಖ್ಯೆಯ ಬಹುದೊಡ್ಡ ಪಾಲನ್ನು ಕೊಂಡೊಯ್ದಿತ್ತು. ಆ ರೋಗ ಅಲ್ಲಿಗೆ ಬಂದದ್ದು ಯೂರೋಪಿಯನ್ನರ ಜೊತೆಯಲ್ಲೇ. ಸತ್ತವರ ಸ್ಥಾನವನ್ನು ಸೆರೆಯಾಳುಗಳಿಂದ ತುಂಬಿಕೊಳ್ಳುವುದು ಅವರ ಯುದ್ಧಗಳ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಹೀಗೆ ಯಾರ ಬಂಧುವೊಬ್ಬನನ್ನು ಕೊಂದಿದ್ದನೋ ಅದೇ ಜನರ ಮನೆಯಲ್ಲಿ ಆತ ಮಗನಾದ, ಅವರ ಭಾಷೆ ಕಲಿತ, ಅವರ ಸಭೆಗಳಲ್ಲಿ ಗೌರವ ಪಡೆದ. 1645ರ ಜುಲೈನಲ್ಲಿ ಮೊಹಾಕರ ರಾಯಭಾರಿ ಕಿಯೊತ್ಸೆಯೆತೋನ್ ಸಂಧಾನಕ್ಕಾಗಿ ತ್ರ್ವಾ-ರಿವಿಯೇರ್ ಎಂಬಲ್ಲಿಗೆ ಬಂದಾಗ ಕುತ್ಯೂರ್ ಜೊತೆಗಿದ್ದ. ಆತನು ಇರೊಕ್ವಾ ಜನರ ಉಡುಗೆಯಲ್ಲೇ ಬಂದಿದ್ದ. ಚಿಪ್ಪಿನ ಮಣಿಗಳಿಂದ ಹೆಣೆದ ಹದಿನೇಳು ಪಟ್ಟಿಗಳನ್ನು ರಾಯಭಾರಿ ಒಂದೊಂದಾಗಿ ಅರ್ಪಿಸಿದ. ಪ್ರತಿಯೊಂದಕ್ಕೂ ಒಂದು ಮಾತು, ಒಂದು ಕರಾರು. ಕುತ್ಯೂರನನ್ನು ಮರಳಿಸುವುದಕ್ಕೂ ಅದರಲ್ಲೊಂದು ಪಟ್ಟಿಯಿತ್ತು. ಫ್ರೆಂಚರು ಅದನ್ನು ಕಾಗದದ ಮೇಲೆ ಬರೆದುಕೊಂಡರು. ಮೊಹಾಕರ ಪಾಲಿಗೆ ಆ ಪಟ್ಟಿಗಳೇ ದಾಖಲೆ. ಅಕ್ಷರವಿಲ್ಲದವರಿಗೆ ದಾಖಲೆಯೇ ಇಲ್ಲವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಆಮೇಲಿನ ಬದುಕು ಸಾಮಾನ್ಯ ಬೇಸಾಯಗಾರನದು. ದಾಖಲೆಗಳೂ ಅದಕ್ಕೆ ತಕ್ಕವು. 1646ರಲ್ಲಿ ಯೇಸುಸಭೆಯ ಗುರುಗಳು ಆತನನ್ನು ವಚನದಿಂದ ಬಿಡುಗಡೆ ಮಾಡಿ ಮದುವೆಗೆ ಒಪ್ಪಿಗೆ ಕೊಟ್ಟದ್ದು ಅವರ ದಿನಚರಿಯಲ್ಲಿದೆ. 1647ರಲ್ಲಿ ಕ್ವಿಬೆಕ್ ಪಟ್ಟಣದ ಎದುರು ದಡದ ಪ್ವಾಂತ್-ಲೆವಿಯಲ್ಲಿ ಮೊದಲ ವಸಾಹತುಗಾರನಾಗಿ ನೆಲೆಸಿದ. 1649ರ ನವೆಂಬರಿನಲ್ಲಿ ಆನ್ ಎಮಾರ್ ಎಂಬವಳನ್ನು ವರಿಸಿದ. ಹತ್ತು ಮಕ್ಕಳಾದರು. 1663ರಲ್ಲಿ ಉತ್ತರದ ಕಾಡುಗಳಿಗೆ ಹೋದ ಶೋಧಯಾತ್ರೆಯಲ್ಲಿದ್ದ. ಮುಂದೆ ಆ ಜಹಗೀರಿನ ನ್ಯಾಯಾಧೀಶನೂ ನಾಗರಿಕ ಪಡೆಯ ಕ್ಯಾಪ್ಟನ್ನನೂ ಆದ. 1690ರಲ್ಲಿ ಇಂಗ್ಲಿಷರ ನೌಕಾಪಡೆ ಕ್ವಿಬೆಕ್ಕನ್ನು ಮುತ್ತಿದಾಗ ಎಪ್ಪತ್ತು ದಾಟಿದ ಆ ಮುದುಕನೇ ತನ್ನ ದಡವನ್ನು ಕಾದ. 1701ರಲ್ಲಿ ಮರಣ ಹೊಂದಿದ. ಲೆವಿಯ ನೋಟರಿಯೂ ಇತಿಹಾಸಕಾರನೂ ಆಗಿದ್ದ ಜೋಸೆಫ್ ಎಡ್ಮಂಡ್ ರ್ವಾ 1884ರಲ್ಲಿ ಈ ಚೂರುಗಳನ್ನು ಕಲೆಹಾಕಿ ಆತನ ಚರಿತ್ರೆ ಬರೆದ.

ಇಂಥ ಹುಡುಕಾಟಕ್ಕೆ ದಾರಿ ಮಾಡಿಕೊಟ್ಟವರು ಒಬ್ಬ ಗುರುಗಳು. ವಂದನೀಯ ಸಿಪ್ರಿಯಾನ್ ತಾಂಗೇ ಎಂಬವರು ಊರಿಂದೂರಿಗೆ ಹೋಗಿ ಧರ್ಮಕೇಂದ್ರಗಳ ಪುಸ್ತಕಗಳನ್ನು ಓದಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶವನ್ನು ಪ್ರಕಟಿಸಿದರು. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದೇ ಕೆಲಸವನ್ನು ಗಣಕಯಂತ್ರದ ಸಹಾಯದಿಂದ ಕೈಗೆತ್ತಿಕೊಂಡರು. ಹುಡುಕುವ ಕ್ರಮ ಸರಳ: ಒಂದು ಮದುವೆಯ ನಮೂದಿನಿಂದ ಹಿಂದಿನ ಮದುವೆಯ ನಮೂದಿಗೆ ಹೋಗುವುದು. ವಧೂವರರ ತಂದೆತಾಯಿಗಳ ಹೆಸರು, ಊರು ಅಲ್ಲಿ ಇರುತ್ತವೆ. ಹೆಣ್ಣುಮಕ್ಕಳು ಮದುವೆಯ ನಂತರವೂ ತವರಿನ ಹೆಸರಿನಲ್ಲೇ ನಮೂದಾಗುತ್ತಿದ್ದರು. ಆದುದರಿಂದ ಆನ್ ಎಮಾರಳು ಬರಿಯ ‘ಕುತ್ಯೂರನ ಹೆಂಡತಿ’ಯಾಗಿ ಕರಗಿಹೋಗಿಲ್ಲ. ಆಕೆ ಫ್ರಾನ್ಸಿನ ನಿಯೋರ್ ಪಟ್ಟಣದವಳೆಂದೂ ಆಕೆಯ ಇಬ್ಬರು ಸಹೋದರಿಯರೂ ಇದೇ ವಸಾಹತಿಗೆ ಬಂದು ಸಂಸಾರ ಹೂಡಿದರೆಂದೂ ನಾವು ಬಲ್ಲೆವು.

ಇಷ್ಟಾದರೂ ದಾಖಲೆಗಳಿಂದ ಮನುಷ್ಯ ಪೂರ್ಣವಾಗಿ ಸಿಗುತ್ತಾನೆಯೇ? ಜ್ಞಾನವು ಸಾಮಾನ್ಯವನ್ನು ಕುರಿತದ್ದು, ಬಿಡಿ ವ್ಯಕ್ತಿ ಮಾತಿಗೆ ನಿಲುಕುವವನಲ್ಲ ಎಂಬುದು ಅರಿಸ್ಟಾಟಲನಿಂದ ಬಂದ ಒಂದು ಹಳೆಯ ವಿಚಾರ. ದಾಖಲೆ ಪುಸ್ತಕಗಳು ಇದಕ್ಕೆ ವಿರುದ್ಧವಾದ ಸಾಹಸವನ್ನೇ ಮಾಡುತ್ತವೆ. ಅಲ್ಲಿ ಸಾಮಾನ್ಯ ತತ್ತ್ವ ಯಾವುದೂ ಇಲ್ಲ. ಈ ದಿನ, ಈ ಮಗು, ಈ ತಾಯಿ, ಈ ಊರು. ಆದರೆ ಅವು ಮನುಷ್ಯನನ್ನು ಹೊಸ್ತಿಲಲ್ಲಿ ಮಾತ್ರ ಕಾಣುತ್ತವೆ: ಹುಟ್ಟಿನ ಹೊಸ್ತಿಲು, ಮದುವೆಯ ಹೊಸ್ತಿಲು, ಸಾವಿನ ಹೊಸ್ತಿಲು. ನೋಟರಿಯ ಕಾಗದಗಳಾದರೋ ಆತ ಕೊಂಡಾಗ, ಮಾರಿದಾಗ, ಸಾಲ ಪಡೆದಾಗ, ಜಗಳವಾಡಿದಾಗ ಮಾತ್ರ ಕಾಣುತ್ತವೆ. ಊನವಾದ ಬೆರಳುಗಳಿಂದ ಉಳಿ ಹಿಡಿದು ಮನೆ ಕಟ್ಟುವಾಗ ಕುತ್ಯೂರ್ ಏನನ್ನು ನೆನೆಯುತ್ತಿದ್ದ? ಮೊಹಾಕ್ ಭಾಷೆಯ ಪದಗಳು ಆತನ ಕನಸಿನಲ್ಲಿ ಬರುತ್ತಿದ್ದವೇ? ಯಾವ ಪುಸ್ತಕದಲ್ಲೂ ಇದಿಲ್ಲ.

ಇನ್ನೊಂದು ಮೌನ ಇದಕ್ಕಿಂತ ಗಂಭೀರವಾದುದು. ಕುತ್ಯೂರನನ್ನು ಮಗನೆಂದು ಸಾಕಿಕೊಂಡ ಮನೆಯವರು ಯಾವ ಧರ್ಮಕೇಂದ್ರದ ಪುಸ್ತಕದಲ್ಲೂ ಇಲ್ಲ. ಆತನ ಗುಂಡಿಗೆ ಬಿದ್ದವನಿಗೂ ತಾಯಿಯಿದ್ದಳು. ಆಕೆಯ ದುಃಖಕ್ಕೆ ನೋಟರಿ ಇರಲಿಲ್ಲ. ಗಡಿನಾಡು ಎಂಬ ಮಾತೇ ಒಂದು ಕಡೆಯಿಂದ ನೋಡಿದವರ ಮಾತು. ಫ್ರೆಂಚರಿಗೆ ಅದು ತಮ್ಮ ನಾಡಿನ ಅಂಚು. ಇರೊಕ್ವಾ, ಹ್ಯೂರನ್, ಆಲ್ಗಾಂಕಿನ್ ಜನರಿಗೆ ಅದು ಅಂಚಲ್ಲ, ತಾಯ್ನೆಲ. 1666ರಲ್ಲಿ ಆಡಳಿತಾಧಿಕಾರಿ ಜಾನ್ ತಾಲೋನ್ ವಸಾಹತಿನ ಮೊದಲ ಜನಗಣತಿ ಮಾಡಿಸಿದಾಗ 3,215 ಮಂದಿ ಲೆಕ್ಕಕ್ಕೆ ಸಿಕ್ಕರು. ಆ ನೆಲದ ಮೂಲನಿವಾಸಿಗಳನ್ನು ಆ ಗಣತಿಯಲ್ಲಿ ಎಣಿಸಲಿಲ್ಲ.

ಮುಂದಿನ ಕಾಲದ ಪುಸ್ತಕಗಳಲ್ಲಿ ಮತ್ತೊಂದು ಬಗೆಯ ನಮೂದುಗಳಿವೆ. 1709ರಲ್ಲಿ ಆ ವಸಾಹತಿನಲ್ಲಿ ಗುಲಾಮಗಿರಿಗೆ ಕಾನೂನಿನ ಮುದ್ರೆ ಬಿತ್ತು. ಒಂದು ಕ್ರೈಸ್ತನಾಮ, ಇಂಥ ಯಜಮಾನನಿಗೆ ಸೇರಿದವನು ಎಂಬ ಮಾತು. ತಂದೆತಾಯಿಗಳ ಜಾಗ ಖಾಲಿ. ಮಾರ್ಸೆಲ್ ತ್ರುದೆಲ್ ಎಂಬ ಇತಿಹಾಸಕಾರ ಇಂಥ ನಮೂದುಗಳನ್ನೂ ಇತರ ಕಾಗದಗಳನ್ನೂ ಹುಡುಕಿ ನಾಲ್ಕು ಸಾವಿರಕ್ಕೂ ಹೆಚ್ಚು ಗುಲಾಮರನ್ನು ಗುರುತಿಸಿದ. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಯಜಮಾನರ ಪೈಕಿ ಧರ್ಮಾಧ್ಯಕ್ಷರೂ ಗುರುಗಳೂ ಕನ್ಯಾಮಠಗಳೂ ಇದ್ದರು. ತಮ್ಮ ಪೂರ್ವಜನ ಹೆಸರನ್ನು ಕಂಡು ಹಿಗ್ಗುವವರು ಅದೇ ಪುಟದ ಕೆಳಗಡೆಯ ಈ ನಮೂದನ್ನು ಓದದೆ ಪುಸ್ತಕ ಮುಚ್ಚುವುದು ಸರಿಯೇ? ಸರಿಯಲ್ಲವೆಂಬುದೇ ನನ್ನ ನಿಶ್ಚಿತ ಅಭಿಪ್ರಾಯ.

ಆದರೆ ಅದೇ ಪುಸ್ತಕಗಳಲ್ಲಿ ಗಡಿಯ ಆಚೆಯವರಿಗೂ ಕೆಲವೊಮ್ಮೆ ಹೆಸರು ದೊರೆಯಿತು. ಗುಪಿಲ್ ಮತ್ತು ಜೋಗ್ ಪ್ರಾಣ ತೆತ್ತ ಮೊಹಾಕರ ಹಳ್ಳಿಯಲ್ಲೇ 1656ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಸಿಡುಬು ಆಕೆಯ ತಂದೆತಾಯಿಗಳನ್ನು ಬಲಿ ತೆಗೆದುಕೊಂಡು, ಆಕೆಯ ಮುಖದ ಮೇಲೆ ಕಲೆ ಬಿಟ್ಟು ಹೋಯಿತು. 1676ರ ಪಾಸ್ಕ ಹಬ್ಬದಂದು ಜ್ಞಾನಸ್ನಾನ ಪಡೆದ ಆಕೆ 1680ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. 2012ರಲ್ಲಿ ಧರ್ಮಸಭೆ ಆಕೆಯನ್ನು ಸಂತ ಕಟೇರಿ ತೆಕಕ್ವಿತಾ ಎಂದು ಸಾರಿತು. ಆಕೆಗೆ ವಂಶಜರಿಲ್ಲ. ಆಕೆಯನ್ನು ನೆನೆಯುವವರು ಲೆಕ್ಕವಿಲ್ಲದಷ್ಟು ಮಂದಿ.

ಪೂರ್ವಜರನ್ನು ಗೌರವಿಸುವುದು ಕರ್ತವ್ಯ. ದಶಾಜ್ಞೆಗಳಲ್ಲಿ ನಾಲ್ಕನೆಯದು ಇದನ್ನೇ ವಿಧಿಸುತ್ತದೆ. ಸಂತ ತೋಮಸ್ ಅಕ್ವಿನಾಸರು ತಂದೆತಾಯಿಗಳಿಗೂ ತಾಯ್ನಾಡಿಗೂ ಸಲ್ಲಬೇಕಾದ ಭಕ್ತಿಯನ್ನು ನ್ಯಾಯವೆಂಬ ಸದ್ಗುಣದೊಡನೆ ಸೇರಿಸಿದ್ದಾರೆ. ಎಂದರೆ ಅದು ಋಣಸಂದಾಯ. ಋಣವನ್ನು ಸುಳ್ಳು ನಾಣ್ಯದಿಂದ ತೀರಿಸಲಾಗದು. ಪೂರ್ವಜನ ತಪ್ಪನ್ನು ಮುಚ್ಚಿಟ್ಟು ಸಲ್ಲಿಸುವ ಗೌರವ ಸುಳ್ಳು ನಾಣ್ಯವೇ. ಹಾಗೆಯೇ ಆತನ ಕಾಲವನ್ನೂ ಕಷ್ಟವನ್ನೂ ಅರಿಯದೆ, ಇಂದಿನ ಪೀಠದ ಮೇಲೆ ಕುಳಿತು ಆತನಿಗೆ ಶಿಕ್ಷೆ ವಿಧಿಸುವುದೂ ಸುಳ್ಳು ನಾಣ್ಯವೇ. ಕುತ್ಯೂರ್ ಕಾಡಿನಿಂದ ಹಿಂದಿರುಗಿದ್ದೂ ಸತ್ಯ, ಗುಂಡು ಹಾರಿಸಿದ್ದೂ ಸತ್ಯ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬಲ್ಲವನೇ ಆತನ ನಿಜವಾದ ವಂಶಜ.

ಇದಕ್ಕೆ ಶುಭಸಂದೇಶದಲ್ಲೇ ಮಾದರಿಯಿದೆ. ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನೂ ರಾಹಾಬಳನ್ನೂ ಹೆಸರಿಸಿದರು. ಪರದೇಶದ ರೂತಳನ್ನು ಬಿಡಲಿಲ್ಲ. ದಾವೀದನ ಪಾಪ ನೆನಪಾಗುವಂತೆ ಊರೀಯನ ಹೆಂಡತಿಯನ್ನು ಉಲ್ಲೇಖಿಸಿದರು. ಕುಲಗೌರವಕ್ಕಾಗಿ ಈ ಸಾಲುಗಳನ್ನು ಅಳಿಸಿಬಿಡುವುದು ಅವರಿಗೆ ಸುಲಭವಿತ್ತು. ರಕ್ಷಣೆಯು ಸ್ವಚ್ಛಗೊಳಿಸಿದ ವಂಶಾವಳಿಯ ಮೂಲಕವಲ್ಲ, ಇದ್ದಂತೆಯೇ ಇರುವ ವಂಶಾವಳಿಯ ಮೂಲಕ ಬಂತೆಂಬುದನ್ನು ಅವರು ನಮಗೆ ಕಲಿಸಿದರು.

ಕ್ವಿಬೆಕ್ಕಿನ ಪುಸ್ತಕವೂ ನಮ್ಮ ಧರ್ಮಕೇಂದ್ರದ ಕಪಾಟಿನಲ್ಲಿರುವ ಪುಸ್ತಕವೂ ಅದೇ ಟ್ರೆಂಟ್ ಮಹಾಸಭೆಯ ಕೂಸುಗಳು. ಕರಾವಳಿಯ ನಮ್ಮ ಅನೇಕ ಕುಟುಂಬಗಳ ಬೇರು ಗೋವೆಯಲ್ಲಿದೆ. ಅಲ್ಲಿನ ಪತ್ರಾಗಾರ 1595ರಷ್ಟು ಹಳೆಯದು. ಅನೇಕ ಧರ್ಮಕೇಂದ್ರಗಳ ಹಳೆಯ ಪುಸ್ತಕಗಳು ಇಂದು ಅಲ್ಲಿವೆ. ನಮ್ಮಲ್ಲಿಯೂ ನಷ್ಟಗಳಾಗಿವೆ. 1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದಾಗ ದೇವಾಲಯಗಳು ನೆಲಸಮವಾದವು. ಹಳೆಯ ಬರಹಗಳೂ ಅವುಗಳೊಡನೆ ಹೋದವು. ಉಳಿದುದನ್ನಾದರೂ ಉಳಿಸಿಕೊಳ್ಳುವ ಹೊಣೆ ನಮ್ಮದು. 1983ರ ಧರ್ಮಸಭೆಯ ಕಾನೂನುಸಂಹಿತೆಯ 535ನೆಯ ವಿಧಿ ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಮಳೆಗಾಲದ ತೇವ, ಗೆದ್ದಲು, ನಮ್ಮ ಅಸಡ್ಡೆ ಈ ಮೂರೂ ಶತ್ರುಗಳೇ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು.

ಕುಟುಂಬಗಳಿಗೆ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಿರಿಯರಿರುವಾಗಲೇ ಅವರ ತಂದೆತಾಯಿಗಳ, ಅಜ್ಜಅಜ್ಜಿಯರ ಹೆಸರುಗಳನ್ನು, ಅಜ್ಜಿಯ ತವರಿನ ಹೆಸರನ್ನೂ ಮರೆಯದೆ, ಕೇಳಿ ಬರೆದಿಡಿರಿ. ಯಾವ ಧರ್ಮಕೇಂದ್ರದಲ್ಲಿ ಮದುವೆಯಾಯಿತೆಂದು ಗುರುತಿಸಿಕೊಳ್ಳಿರಿ. ಹಿಂದಕ್ಕೆ ಹೋಗುವ ದಾರಿ ಅಲ್ಲಿಂದಲೇ ತೆರೆಯುತ್ತದೆ. ಕಚೇರಿಗೆ ಬಂದು ಹಳೆಯ ಪುಸ್ತಕ ಕೇಳುವಾಗ ಸಮಯವನ್ನೂ ಸಹನೆಯನ್ನೂ ತನ್ನಿರಿ. ನೂರು ವರ್ಷಗಳ ಹಿಂದಿನ ಗುರುಗಳ ಕೈಬರಹ ಅವಸರದವರಿಗೆ ಒಲಿಯುವುದಿಲ್ಲ. ಮನೆಯಲ್ಲಿ ದುಡಿದು ಹೆಸರಿಲ್ಲದೆ ಹೋದವರು, ಮದುವೆಯಾಗದೆ ಉಳಿದ ಅತ್ತೆ, ಹಸುಳೆಯಾಗಿ ತೀರಿಕೊಂಡ ಮಗು, ಅಜ್ಜನಿಗೆ ಜಮೀನು ಕಳೆದುಕೊಂಡ ನೆರೆಯವನು, ಇವರನ್ನೂ ಬರೆಯಿರಿ. ಅವರನ್ನು ಹುಡುಕಿಕೊಂಡು ಬರುವ ಮೊಮ್ಮಕ್ಕಳು ಇಲ್ಲದಿರಬಹುದು.

ಸಕಲ ಮೃತರ ಸ್ಮರಣೆಯ ದಿನ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವ ನಾವು ಹೆಸರು ಬಲ್ಲವರಿಗಾಗಿ ಮೊದಲು ಪ್ರಾರ್ಥಿಸುತ್ತೇವೆ. ಅದು ಸಹಜ. ಆದರೆ ಅಂದಿನ ಬಲಿಪೂಜೆಯಲ್ಲಿ ಧರ್ಮಸಭೆಯು ಎಲ್ಲ ಮೃತರಿಗಾಗಿ ಪ್ರಾರ್ಥಿಸುತ್ತದೆ. ನಮ್ಮ ಪುಸ್ತಕಗಳಲ್ಲಿ ಖಾಲಿ ಉಳಿದ ಜಾಗಗಳು ದೇವರ ಪುಸ್ತಕದಲ್ಲಿ ಖಾಲಿಯಿರಲಾರವು.